ಬಂತು, ಹೋಯ್ತು: ಕುಡಿತ ಬಿಟ್ಟ ಮೊದಲ ವಾರಗಳ ಆತಂಕ, ಒಂದು ಪ್ರಕರಣ

ಕುಡಿತ ಬಿಡಲು ಬರುವವರಿಗೆ ಆಪ್ತಸಲಹೆ ಕೊಡುವುದು ನನ್ನ ಕೆಲಸ. ಈ ಪ್ರಕರಣ ಬರೆಯಲು ಅವರ ಒಪ್ಪಿಗೆ ಇದೆ. ಹೆಸರು, ವಯಸ್ಸು, ಉದ್ಯೋಗ ಎಲ್ಲ ಬದಲಿಸಿದ್ದೇನೆ. ಸದ್ಯಕ್ಕೆ ಅವರನ್ನು ಮೋಹನ್ ಅಂತ ಕರೆಯೋಣ. ಇದರಲ್ಲಿ ನಾನು ಮಾಡಿದ ಮೂರು ತಪ್ಪುಗಳೂ ಇವೆ. ಅವನ್ನು ಮುಚ್ಚಿಟ್ಟು ಬರೆದರೆ ಓದುವವರಿಗೆ ಏನು ಪ್ರಯೋಜನ?

ಹಿನ್ನೆಲೆ

ಮೋಹನ್ ಅವರಿಗೆ 41 ವರ್ಷ. ಲೆಕ್ಕಪತ್ರ ನೋಡುವ ಕೆಲಸ. ಒಬ್ಬರೇ ಇರುತ್ತಾರೆ, ಅಕ್ಕನ ಮನೆ ಹತ್ತಿರದಲ್ಲೇ ಇದೆ. 14 ವರ್ಷದ ಕುಡಿತ. ಕೊನೆಯ ಐದು ವರ್ಷ ಒಂದು ದಿನವೂ ತಪ್ಪಿಸಿಲ್ಲ, ರಾತ್ರಿಗೆ ಸುಮಾರು 350 ಮಿಲಿ ವಿಸ್ಕಿ. ಜಗಳವಿಲ್ಲ, ಗಲಾಟೆಯಿಲ್ಲ, ಕುಡಿದು ಮಲಗಿಬಿಡುವ ಜಾತಿ. ಇಂಥವರ ಕುಡಿತ ಯಾರ ಕಣ್ಣಿಗೂ ಬೀಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ 'ಆಡಿಟ್' ಅನ್ನುವ 10 ಪ್ರಶ್ನೆಗಳ ಪಟ್ಟಿಯಲ್ಲಿ ಅವರಿಗೆ 40ಕ್ಕೆ 27 ಅಂಕ ಬಂದಿತ್ತು. 8 ಮುಟ್ಟಿದರೇ ಎಚ್ಚರವಾಗಬೇಕು.

ಇದಕ್ಕೆ ಮೊದಲು ಎರಡು ಸಲ ತಾವೇ ಮನೆಯಲ್ಲಿ ಬಿಟ್ಟು ನೋಡಿದ್ದರು. ಮೊದಲ ಸಲ ಮೂರು ದಿನ ತಡೆದರು. ಎರಡನೇ ಸಲ ಎರಡನೇ ರಾತ್ರಿಯೇ ಬೆವರು, ಕೈ ನಡುಕ, ಲೋಟ ಹಿಡಿಯಲಾಗದ ಸ್ಥಿತಿ. ಹೀಗೆ ಬಿಡುವುದು, ಮತ್ತೆ ಹಿಡಿಯುವುದು ನಡೆಯುತ್ತಾ ಹೋದರೆ ಪ್ರತಿ ಸಲದ ನಡುಕ ಹಿಂದಿನದಕ್ಕಿಂತ ಜೋರಾಗಬಹುದು ಅನ್ನುವ ಮಾತನ್ನು 1978ರಲ್ಲೇ ಬ್ಯಾಲೆಂಜರ್ ಮತ್ತು ಪೋಸ್ಟ್ ಎಂಬ ಸಂಶೋಧಕರು ಮುಂದಿಟ್ಟಿದ್ದರು. ಮೋಹನ್ ಮಾತ್ರ ಅದನ್ನು ತಮ್ಮ ಕೈಲಾಗದತನ ಅಂದುಕೊಂಡಿದ್ದರು.

ಮೂರನೇ ಸಲ ಆಸ್ಪತ್ರೆಗೆ ಸೇರಿದರು. ಸರಿಯಾದ ನಿರ್ಧಾರ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಆರೇಳು ಗಂಟೆಯಲ್ಲೇ ನಡುಕ ಶುರುವಾಗಬಹುದು, ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ್ದು ಕಾಣಿಸಿ, ಜ್ವರ ಬಂದು, ತಲೆ ಪೂರ್ತಿ ಗೊಂದಲವಾಗಿ ಜೀವಕ್ಕೇ ಅಪಾಯವಾಗಬಹುದು. ಮನಸ್ಸು ಗಟ್ಟಿ ಮಾಡಿಕೋ ಅನ್ನುವ ಬುದ್ಧಿಮಾತು ಇಲ್ಲಿ ಕೆಲಸಕ್ಕೆ ಬಾರದು, ವೈದ್ಯರೇ ಬೇಕು. ಆಸ್ಪತ್ರೆಯಲ್ಲಿ ಆರು ದಿನ ಥಯಾಮಿನ್, ಅಂದರೆ ಬಿ1 ವಿಟಮಿನ್, ಜೊತೆಗೆ ನಡುಕ, ಫಿಟ್ಸ್ ತಡೆಯುವ ಕ್ಲೋರ್‌ಡಯಾಜೆಪಾಕ್ಸೈಡ್ ಅನ್ನು ದಿನದಿಂದ ದಿನಕ್ಕೆ ಕಡಿಮೆ ಮಾಡುತ್ತಾ ಕೊಟ್ಟರು. ಏಳನೇ ದಿನ ಮನೆಗೆ ಕಳಿಸುವಾಗ ಅದರದೇ 11 ಕ್ಯಾಪ್ಸೂಲ್ ಐದು ದಿನಕ್ಕೆ ಅಂತ ಕೈಗೆ ಕೊಟ್ಟರು: ದಿನಕ್ಕೆ ಮೂರು, ಮೂರು, ಎರಡು, ಎರಡು, ಕೊನೆಗೆ ಒಂದು. ಆ 11ರ ಕಥೆ ಆಮೇಲೆ ಬರುತ್ತದೆ.

ಸಂಜೆ ಆರೂವರೆ

ನನ್ನ ಹತ್ತಿರ ಬಂದದ್ದು ಕುಡಿತ ಬಿಟ್ಟ 10ನೇ ದಿನ. ಹಿಂದಿನ ರಾತ್ರಿ ತುರ್ತು ವಿಭಾಗಕ್ಕೆ ಹೋಗಿ ಬಂದಿದ್ದರು. ಎದೆ ಬಿಗಿತ, ಉಸಿರು ಸಿಕ್ಕುತ್ತಿಲ್ಲ, ಈಗ ಸತ್ತೇ ಹೋಗುತ್ತೇನೆ ಅನ್ನುವ ಗಾಬರಿ. ನಾಡಿ ನಿಮಿಷಕ್ಕೆ 112. ಇಸಿಜಿ ಸರಿಯಾಗಿತ್ತು. ಅಲ್ಲಿನ ವೈದ್ಯರು ಸಮಾಧಾನಕ್ಕೆ "ಏನೂ ಇಲ್ಲ, ಹೋಗಿ ಮಲಗಿ" ಅಂದರಂತೆ. ಮೋಹನ್ ಅದನ್ನು ಅರ್ಥ ಮಾಡಿಕೊಂಡ ರೀತಿಯೇ ಬೇರೆ.

"ಏನೂ ಇಲ್ಲ ಅಂದ್ರೆ ನನ್ನ ತಲೆಯೇ ಕೆಟ್ಟಿದೆ ಅಂತ ತಾನೇ ಮೇಡಂ? ಕುಡೀದೆ ಇದ್ರೆ ನಾನು ಇಷ್ಟೇ."

ಈ ಕೊನೆಯ ಮಾತನ್ನು ಹಾಗೇ ಬರೆದಿಟ್ಟುಕೊಂಡೆ. ಮೊದಲ ವಾರಗಳಲ್ಲಿ ಮತ್ತೆ ಬಾಟಲಿಗೆ ಕೈ ಹಾಕಿಸುವುದು ಬರೀ ಕುಡಿಯುವ ಆಸೆ ಅಂತ ನನಗೆ ಅನ್ನಿಸುವುದಿಲ್ಲ. ಎಷ್ಟೋ ಸಲ ಈ ತೀರ್ಮಾನವೇ ಕೈ ಹಿಡಿದು ಕರೆದುಕೊಂಡು ಹೋಗುತ್ತದೆ. ಈಗ ಕಾಣುತ್ತಿರುವ ನಡುಗುವ, ನಿದ್ದೆಗೆಟ್ಟ, ಹೆದರಿದ ಮನುಷ್ಯನೇ ನಿಜವಾದ ನಾನು, ಕುಡಿತ ಇಷ್ಟು ವರ್ಷ ಇವನನ್ನು ಮುಚ್ಚಿಟ್ಟಿತ್ತು ಅನ್ನುವ ತೀರ್ಮಾನ.

ಅವರಿಗೆ ಹಗ್ಗ ಜಗ್ಗಾಟ ನೆನಪಿಸಿದೆ. ಮದ್ಯ ಮಿದುಳನ್ನು ತಣ್ಣಗಾಗಿಸುವ ಗಾಬಾ ಎಂಬ ರಾಸಾಯನಿಕದ ಕೆಲಸಕ್ಕೆ ಬಲ ಕೊಡುತ್ತದೆ, ಚುರುಕಾಗಿಸುವ ಗ್ಲುಟಮೇಟ್‌ನ ಕೆಲಸವನ್ನು ತಡೆಯುತ್ತದೆ. ವರ್ಷಗಟ್ಟಲೆ ಒಂದೇ ಕಡೆ ಎಳೆತ ಇದ್ದಾಗ ಮಿದುಳು ಸುಮ್ನೆ ಕೂರುವುದಿಲ್ಲ, ಅದೂ ಇನ್ನೊಂದು ಕಡೆಯಿಂದ ಮೈಯೆಲ್ಲ ಬಲ ಹಾಕಿ ಎಳೆಯುತ್ತದೆ. ನೀವು ಹಗ್ಗ ಬಿಟ್ಟಿರಿ. ಅದು ಧೊಪ್ಪೆಂದು ಹಿಂದಕ್ಕೆ ಬಿತ್ತು. ಈಗ ಆಗುತ್ತಿರುವುದು ಆ ಬೀಳುವಿಕೆ. ಎದ್ದು ನಿಲ್ಲಲು ಅದಕ್ಕೆ ವಾರಗಳು ಬೇಕು.

ಅವರು ಒಂದು ಒಳ್ಳೆಯ ಪ್ರಶ್ನೆ ಕೇಳಿದರು. "ಸರಿ, ಆದ್ರೆ ಕುಡೀತಿದ್ದಾಗಲೂ ಸಂಜೆ ಆರೂವರೆ ಹೊತ್ತಿಗೆ ಇದೇ ಥರ ಆಗ್ತಿತ್ತಲ್ಲ? ಎರಡು ಪೆಗ್ ಬಿದ್ದ ಮೇಲೆ ಸರಿಹೋಗ್ತಿತ್ತು."

ರಾತ್ರಿ ಹನ್ನೊಂದಕ್ಕೆ ಕೊನೆಯ ಗುಟುಕು ಆದರೆ ಮರುದಿನ ಸಂಜೆ ಆರೂವರೆಗೆ ಹತ್ತೊಂಬತ್ತು ಗಂಟೆಗಿಂತ ಜಾಸ್ತಿ ಆಗಿರುತ್ತದೆ. ಅಂದರೆ ಐದು ವರ್ಷದಿಂದ ದಿನಾ ಸಂಜೆ ಅವರಿಗೆ ಒಂದು ಚಿಕ್ಕ ವಿತ್‌ಡ್ರಾವಲ್, ಅಂದರೆ ಮದ್ಯ ಇಳಿದಾಗ ಆಗುವ ನಡುಕ, ಗಾಬರಿ, ಬರುತ್ತಿತ್ತು, ಮೇಲಿಂದ ಕುಡಿದಾಗ ಅದು ಅಡಗುತ್ತಿತ್ತು. ಬೆಂಕಿ ಹಚ್ಚಿದವನೇ ನೀರಿನ ಬಕೆಟ್ ಹಿಡಿದು ಓಡಿ ಬಂದು ಉಪಕಾರಿ ಅನ್ನಿಸಿಕೊಂಡ ಹಾಗೆ. ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಲೆಕ್ಕದ ಮನುಷ್ಯ, ಬೆರಳು ಮಡಿಸಿ ಗಂಟೆ ಎಣಿಸಿ ನೋಡಿದರು.

ಆತಂಕ ಅಳೆಯುವ ಜಿಎಡಿ-7 ಅನ್ನುವ ಪ್ರಶ್ನಾವಳಿಯಲ್ಲಿ ಅವತ್ತು 21ಕ್ಕೆ 18. ಸಾಯಬೇಕು ಅನ್ನಿಸುತ್ತಿದೆಯಾ ಅಂತಲೂ ನೇರವಾಗಿಯೇ ಕೇಳಿದೆ. ಇಲ್ಲ ಅಂದರು. ಇದನ್ನು ಕೇಳಲು ಸಂಕೋಚ ಪಡಬಾರದು, ಕೇಳಿದ್ದರಿಂದ ಯಾರ ತಲೆಗೂ ಹೊಸದಾಗಿ ಆ ಯೋಚನೆ ಬರುವುದಿಲ್ಲ.

ನನ್ನ ಎರಡು ಎಡವಟ್ಟು

ಮೊದಲನೆಯದು ಉಸಿರಾಟ. ನಿಧಾನ ಒಳಗೆ, ಅದಕ್ಕಿಂತ ನಿಧಾನ ಹೊರಗೆ, ಕಣ್ಣು ಮುಚ್ಚಿ ಗಮನವೆಲ್ಲ ಉಸಿರಿನ ಮೇಲೆ ಇಡಿ ಅಂತ ಹೇಳಿಕೊಟ್ಟೆ. ಬಹಳ ಜನರಿಗೆ ಉಪಯೋಗವಾಗುತ್ತದೆ. ಮೋಹನ್ ಅವರಿಗೆ ಉಲ್ಟಾ ಹೊಡೆಯಿತು. ಕಣ್ಣು ಮುಚ್ಚಿದ ಕೂಡಲೇ ಎದೆಬಡಿತ ಕಿವಿಯಲ್ಲೇ ಕೇಳಿಸತೊಡಗಿತು, ಉಸಿರು ಎಣಿಸಲು ಹೋದರೆ ಉಸಿರೇ ನಿಂತಂತೆ ಆಯಿತು. ಮೊದಲೇ ಮೈಯ ಒಂದೊಂದು ಸದ್ದಿಗೂ ಬೆಚ್ಚುತ್ತಿರುವವರಿಗೆ ಮೈ ಕಡೆಯೇ ನೋಡಿ ಅಂದರೆ ಕೆಲವರಿಗೆ ಆತಂಕ ಹೆಚ್ಚುತ್ತದೆ. ಇದು ಗೊತ್ತಿದ್ದ ವಿಷಯವೇ. ಆದರೂ ಅಭ್ಯಾಸಬಲದಿಂದ ಹೇಳಿಬಿಟ್ಟೆ.

ಎರಡನೆಯದು ನೋಟ್‌ಬುಕ್. ಗಂಟೆಗೊಮ್ಮೆ ಆತಂಕಕ್ಕೆ ಹತ್ತರಲ್ಲಿ ಅಂಕ ಹಾಕಿ ಅಂದಿದ್ದೆ. 12ನೇ ದಿನ ತಂದು ತೋರಿಸಿದರು. ಅಚ್ಚುಕಟ್ಟಾಗಿ ಸ್ಕೇಲ್ ಹಿಡಿದು ಗೆರೆ ಎಳೆದಿದ್ದರು, ಕೆಂಪು ಶಾಯಿ ಬೇರೆ. ರಾತ್ರಿ ಮೂರು ಗಂಟೆಗೂ ಅಂಕ ಇತ್ತು. ಎಚ್ಚರವಾದಾಗ ಹಾಕಿದಿರಾ ಅಂತ ಕೇಳಿದರೆ, "ಇಲ್ಲ, ಅಲಾರಂ ಇಟ್ಟುಕೊಂಡಿದ್ದೆ" ಅಂದರು! ನಿದ್ದೆ ಬಾರದ ಮನುಷ್ಯನನ್ನು ನಾನೇ ಎಬ್ಬಿಸಿ ಕೂರಿಸಿದ್ದೆ.

ನೋಟ್‌ಬುಕ್ ಅಲ್ಲಿಗೇ ಮುಚ್ಚಿಸಿದೆ. ಬದಲಿಗೆ ಏನು? ಆವತ್ತು ಜೊತೆಗೆ ಅಕ್ಕನೂ ಬಂದಿದ್ದರು. ಅವರೇ ಹೇಳಿದರು: "ನೋಡೋ, ಹೆಚ್ಚಿಗೆ ಏನೂ ಬರೀಬೇಡ. ಗಾಬರಿ ಶುರುವಾದಾಗ ನಂಗೆ 'ಬಂತು' ಅಂತ ಒಂದು ಮೆಸೇಜ್ ಹಾಕು. ಕಡಿಮೆಯಾದಾಗ 'ಹೋಯ್ತು' ಅಂತ ಹಾಕು. ನಾನು ಫೋನ್ ಮಾಡಲ್ಲ, ಯಾಕೆ ಏನು ಅಂತ ಕೇಳಲ್ಲ. ಓದ್ತೀನಿ ಅಷ್ಟೆ."

ನಾಲ್ಕು ವರ್ಷ ಓದಿ ಬಂದ ನನಗೆ ಹೊಳೆಯದ್ದು ಅವರಿಗೆ ಎರಡು ನಿಮಿಷದಲ್ಲಿ ಹೊಳೆದಿತ್ತು. ಎರಡೇ ಮಾತು, ಅಂಕದ ಗೊಡವೆಯಿಲ್ಲ, ಸಮಯವನ್ನು ಫೋನೇ ಬರೆದುಕೊಳ್ಳುತ್ತದೆ.

ಇನ್ನೇನು ಮಾಡಿದೆವು

13ನೇ ದಿನದಿಂದ ಮೆಸೇಜ್ ಶುರುವಾಯಿತು. ಜೊತೆಗೆ ಕೆಲವು ಸಣ್ಣ ಬದಲಾವಣೆ. ಅವರ ದಿನಚರಿ ಕೆದಕಿದಾಗ ಕಾಫಿ ಸಿಕ್ಕಿತು. ಮೊದಲು ದಿನಕ್ಕೆ ಮೂರು ಕಪ್ ಕುಡಿಯುತ್ತಿದ್ದವರು ಈಗ ಎಂಟಕ್ಕೆ ಹೋಗಿದ್ದರು. ಕೈಗೆ ಒಂದು ಲೋಟ ಬೇಕಲ್ಲ, ಅದಕ್ಕೆ. ಕೆಫೀನ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು, ನಾಲ್ಕು ಗಂಟೆಗೆ ಕುಡಿದದ್ದರ ಅರ್ಧ ರಾತ್ರಿ ಒಂಬತ್ತಕ್ಕೂ ಒಳಗೇ ಕುಣಿಯುತ್ತಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ತಲೆನೋವು ಬರುತ್ತದೆ, ಹಾಗಾಗಿ ಎಂಟರಿಂದ ಐದು, ಐದರಿಂದ ಮೂರು, ಮಧ್ಯಾಹ್ನ ಹನ್ನೆರಡರ ಮೇಲೆ ಇಲ್ಲ ಅಂತ ಇಳಿಸಿದೆವು. ಮಧ್ಯಾಹ್ನದ ಊಟವನ್ನೂ ಬಿಡುತ್ತಿದ್ದರು. ಹಸಿವಿನ ನಡುಕಕ್ಕೂ ಆತಂಕದ ನಡುಕಕ್ಕೂ ಒಳಗಿನಿಂದ ವ್ಯತ್ಯಾಸ ತಿಳಿಯುವುದಿಲ್ಲ. ಸಂಜೆ ಐದೂವರೆಗೆ ಏನಾದರೂ ತಿನ್ನಲೇಬೇಕು ಅಂತ ಆಯಿತು.

ಆರು ಇಪ್ಪತ್ತಕ್ಕೆ, ಅಂದರೆ ಆತಂಕ ಬರುವ ಮೊದಲೇ, ಚುರುಕಾದ ನಡಿಗೆ. ಇದು ಚೆನ್ನಾಗಿ ಕೆಲಸ ಮಾಡಿತು. ಸುಮ್ನೆ ಕುರ್ಚಿಯಲ್ಲಿ ಕೂತಾಗ ಎದೆ ಢವಢವ ಅಂದರೆ ಭಯ, ಬಿರುಸಾಗಿ ನಡೆಯುವಾಗ ಅಂದರೆ ಸಹಜ ಅಲ್ವಾ? ಎದೆಬಡಿತಕ್ಕೆ ಒಂದು ಕಾರಣ ಸಿಕ್ಕಿತು, ಅದೇ ಅರ್ಧ ಔಷಧ. ಕಣ್ಣು ತೆರೆದೇ ಇರುತ್ತದೆ, ಗಮನ ಹೊರಗೆ ಇರುತ್ತದೆ.

ಕುಡಿದಂತೆ ಕನಸು ಬಿದ್ದು ಬೆಳಿಗ್ಗೆ ತಪ್ಪಿತಸ್ಥನಂತೆ ಏಳುತ್ತಿದ್ದರು. ಮದ್ಯ ಕನಸಿನ ನಿದ್ದೆಯನ್ನು ಅದುಮಿಡುತ್ತದೆ, ಬಿಟ್ಟ ಮೇಲೆ ಅದು ಬಾಕಿ ವಸೂಲಿ ಮಾಡುತ್ತದೆ ಅಂದೆ. ಬಾಕಿ, ವಸೂಲಿ ಅಂದರೆ ಅವರಿಗೆ ತಕ್ಷಣ ಅರ್ಥವಾಗುತ್ತಿತ್ತು. ನಿದ್ದೆ ಮಾತ್ರ ಬೇಗ ಸರಿಹೋಗಲಿಲ್ಲ, ಅದನ್ನು ಒತ್ತಾಯಿಸಲೂ ಇಲ್ಲ.

13ನೇ ದಿನ 'ಬಂತು' ಮತ್ತು 'ಹೋಯ್ತು' ನಡುವೆ 55 ನಿಮಿಷ. 14ನೇ ದಿನ 50. 16ನೇ ದಿನ 40. ನನಗೆ ಒಳಗೊಳಗೇ ಖುಷಿ.

'ಹೋಯ್ತು' ಬರಲಿಲ್ಲ

17ನೇ ದಿನ ಸಂಜೆ 6.41ಕ್ಕೆ 'ಬಂತು' ಅಂತ ಮೆಸೇಜ್ ಬಂತು. 'ಹೋಯ್ತು' ಬರಲೇ ಇಲ್ಲ. ಮರೆತಿರಬೇಕು ಅಂತ ಅಕ್ಕ ಸುಮ್ಮನಾದರು. 18ನೇ ದಿನವೂ ಹಾಗೇ. ರಾತ್ರಿ ಹತ್ತಕ್ಕೆ, ಫೋನ್ ಮಾಡಲ್ಲ ಅಂದಿದ್ದ ಮಾತು ಮುರಿದು ಫೋನ್ ಮಾಡಿದರು. ಎತ್ತಲಿಲ್ಲ. ಹೋಗಿ ಬಾಗಿಲು ತಟ್ಟಿದರು. ಮೋಹನ್ ಬಾಗಿಲು ತೆರೆದರು. ಕುಡಿದಿರಲಿಲ್ಲ, ಆದರೆ ಮಾತು ತೊದಲುತ್ತಿತ್ತು.

ಮರುದಿನ ಇಬ್ಬರೂ ನನ್ನ ಎದುರು ಕೂತಿದ್ದರು. ಅಕ್ಕ ಚೀಲದಿಂದ ಒಂದು ಹಳೆಯ ಕನ್ನಡಕದ ಡಬ್ಬಿ ತೆಗೆದು ಮೇಜಿನ ಮೇಲೆ ಇಟ್ಟರು. ಒಳಗಿನ ಮೆತ್ತನೆ ಬಟ್ಟೆಯ ಮೇಲೆ ಮೂರು ಕ್ಯಾಪ್ಸೂಲ್.

ಆ 11ರಲ್ಲಿ ಮೋಹನ್ ದಿನಕ್ಕೊಂದರಂತೆ ನಾಲ್ಕೇ ನುಂಗಿ ಏಳು ಉಳಿಸಿದ್ದರು. ತೀರಾ ಕಷ್ಟದ ದಿನಕ್ಕೆ ಇರಲಿ ಅಂತ. ಅಂದರೆ 9ನೇ ದಿನ ತುರ್ತು ವಿಭಾಗಕ್ಕೆ ಓಡಿದಾಗ, ವೈದ್ಯರು ಬರೆದದ್ದಕ್ಕಿಂತ ತುಂಬಾ ಕಡಿಮೆ ಔಷಧ ಅವರ ಮೈಯಲ್ಲಿತ್ತು. ನಿಧಾನ ಇಳಿಸಬೇಕಾದ ಮೆಟ್ಟಿಲನ್ನು ಅವರೇ ಹಾರಿದ್ದರು. 17ನೇ ದಿನ ಎರಡು, 18ನೇ ದಿನ ಎರಡು ಒಟ್ಟಿಗೆ ನುಂಗಿ ಮಲಗಿಬಿಟ್ಟಿದ್ದರು. ಈ ಗುಂಪಿನ ಔಷಧ ಆಸ್ಪತ್ರೆಯ ಆ ಕೆಲವು ದಿನಕ್ಕೆ ಜೀವ ಉಳಿಸುತ್ತದೆ. ಅದರಾಚೆ ಮನಸ್ಸಿಗೆ ಬಂದಾಗ ನುಂಗತೊಡಗಿದರೆ ಅದೇ ಇನ್ನೊಂದು ಚಟವಾಗುತ್ತದೆ. ಅದರ ಮೇಲೆ ಮದ್ಯವೂ ಬಿದ್ದರೆ ಉಸಿರೇ ನಿಲ್ಲಬಹುದು.

ಕ್ಯಾಪ್ಸೂಲ್ ಯಾರ ಕೈಯಲ್ಲಿ ಇರುತ್ತೆ ಅಂತ 10ನೇ ದಿನವೇ ನಾನು ಕೇಳಬೇಕಿತ್ತು. ಕೇಳಲಿಲ್ಲ. ಅದು ನನ್ನ ಮೂರನೆಯ ತಪ್ಪು, ಉಳಿದೆರಡಕ್ಕಿಂತ ದೊಡ್ಡದು.

"ಇದು ಮತ್ತೆ ಒಂದರಿಂದ ಎಣಿಸಬೇಕಾ ಮೇಡಂ?" ಅಂದರು ಮೋಹನ್. ಹೌದು ಅಂದಿದ್ದರೆ ಅವರು ಅವತ್ತು ಸಂಜೆಯೇ ಕುಡಿಯುತ್ತಿದ್ದರು ಅನ್ನುವುದು ನನ್ನ ಅಂದಾಜು. ಹೇಗೂ ಎಲ್ಲ ಹಾಳಾಯಿತು, ಇನ್ನೇನು ಬಾಕಿ ಅನ್ನುವ ಲೆಕ್ಕ ಬಹಳ ಜನರನ್ನು ಮುಳುಗಿಸಿದೆ. ಕುಡಿಯದ 19 ದಿನ ಹಾಗೇ ಇದೆ, ಮಾತ್ರೆಯ ವಿಷಯ ಇವತ್ತೇ ವೈದ್ಯರಿಗೆ ಹೇಳೋಣ ಅಂದೆ. ಅವರ ಎದುರಿಗೇ ಫೋನ್ ಮಾಡಿದೆ. ಉಳಿದ ಮೂರನ್ನು ವಾಪಸ್ ತರಲು ವೈದ್ಯರು ಹೇಳಿದರು. ಡಬ್ಬಿಯನ್ನು ಮೋಹನ್ ತಮ್ಮ ಕೈಯಾರೆ ಅಕ್ಕನಿಗೆ ಕೊಟ್ಟರು, ಅವರು ಕಸಿದುಕೊಳ್ಳಲಿಲ್ಲ. ಅದು ಮುಖ್ಯ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಡಬ್ಬಿ ಡ್ರಾಯರ್‌ನಲ್ಲಿದ್ದಷ್ಟು ದಿನ ಪ್ರತಿ ಸಂಜೆಯ ಗಾಬರಿಯೂ ಒಂದು ಚೌಕಾಶಿಯಾಗಿತ್ತು ಅಂತ ಆಮೇಲೆ ಅವರೇ ಹೇಳಿದರು. ತಡೆಯಲಾ, ತೆಗೆಯಲಾ? ಇವತ್ತಿನದ್ದು ಆ 'ತೀರಾ ಕಷ್ಟ'ವಾ ಅಥವಾ ನಾಳೆಯದ್ದಾ? ಆತಂಕದ ಜೊತೆಗೆ ಈ ಲೆಕ್ಕಾಚಾರದ ಆತಂಕ ಬೇರೆ. ಡಬ್ಬಿ ಹೋದ ಮೊದಲ ಎರಡು ಸಂಜೆ ಕೆಟ್ಟದಾಗಿದ್ದವು, ಮತ್ತೆ 50 ನಿಮಿಷ ದಾಟಿತು. ಆಮೇಲೆ ಇಳಿಯಿತು. 23ನೇ ದಿನ 20 ನಿಮಿಷ. 27ನೇ ದಿನ 12.

ಆ ವಾರ ಅವರು ಮೆಸೇಜ್‌ಗಳನ್ನು ಮೇಲಿನಿಂದ ಕೆಳಗೆ ಓದುತ್ತಾ ಹೋದರಂತೆ. ಬಂತು, ಹೋಯ್ತು. ಬಂತು, ಹೋಯ್ತು. "ಎರಡೇ ಎರಡು ಕಡೆ ಹೋಯ್ತು ಇಲ್ಲ ಮೇಡಂ. ಅದು ನಾನು ಮಾತ್ರೆ ತಗೊಂಡ ದಿನ. ತಾನಾಗೇ ಹೋಗೋದನ್ನ ನಾನು ನೋಡದೇ ಇದ್ದ ದಿನ." ಲೆಕ್ಕ ತಾಳೆ ನೋಡುವವರ ಕಣ್ಣು ಅದು. ನಾನು ಇದನ್ನು ಹೇಳಿಕೊಟ್ಟಿರಲಿಲ್ಲ.

ಉಳಿದುಕೊಂಡ ಆತಂಕ

ಆತಂಕಕ್ಕೆ ದಿನವೂ ತೆಗೆದುಕೊಳ್ಳುವ ಔಷಧವನ್ನು ಎರಡನೇ ವಾರದಲ್ಲೇ ಶುರು ಮಾಡಬೇಕಾ ಅನ್ನುವ ಪ್ರಶ್ನೆ ಬಂದಿತ್ತು. ಕಾಯೋಣ ಅಂದರು ವೈದ್ಯರು. ಕುಡಿತದಿಂದಲೇ ಹುಟ್ಟಿದ ಆತಂಕ ಬಹಳ ಜನರಲ್ಲಿ ಸುಮಾರು ನಾಲ್ಕು ವಾರದೊಳಗೆ ತಾನಾಗಿ ಇಳಿಯುತ್ತದೆ, ಅಲ್ಲಿಯವರೆಗೆ ಯಾವುದು ಕುಡಿತದ್ದು, ಯಾವುದು ಮೊದಲಿನಿಂದ ಇದ್ದದ್ದು ಅಂತ ಬೇರೆ ಮಾಡಲು ಕಷ್ಟ. ಎಲ್ಲರ ವಿಷಯದಲ್ಲೂ ಹೀಗೆ ಕಾಯಲು ಆಗುವುದಿಲ್ಲ. ಇವರಿಗೆ ಅಕ್ಕ ಇದ್ದರು, ವಾರಕ್ಕೆರಡು ಭೇಟಿ ಇತ್ತು, ಹಾಗಾಗಿ ಕಾದೆವು.

30ನೇ ದಿನ ಜಿಎಡಿ-7ರಲ್ಲಿ 9 ಬಂತು. 18ರಿಂದ 9. ಸಂಜೆಯ ಗಾಬರಿ ಹೆಚ್ಚುಕಮ್ಮಿ ಹೋಗಿತ್ತು. ಆದರೆ ಒಂದು ಅಲ್ಲಾಡದೆ ಉಳಿದಿತ್ತು: ನಾಲ್ಕು ಜನರ ಎದುರು ಮಾತಾಡುವ ಭಯ. ಕಚೇರಿಯ ಮೀಟಿಂಗ್ ಇದೆ ಅಂದರೆ ಹಿಂದಿನ ರಾತ್ರಿಯಿಂದಲೇ ಹೊಟ್ಟೆ ತೊಳಸುವುದು. ಯಾವಾಗಿನಿಂದ ಅಂತ ಕೇಳಿದೆ. ಶಾಲೆಯಲ್ಲಿ ಎದ್ದು ನಿಂತು ಪಾಠ ಓದಬೇಕಾದ ದಿನದಿಂದ ಅಂದರು. ಮೊದಲ ಸಲ ಕುಡಿದದ್ದೂ ಸ್ನೇಹಿತರ ಕೂಟದಲ್ಲಿ ಎರಡು ಮಾತು ಆಡಲು ಧೈರ್ಯ ಬರಲಿ ಅಂತ.

ಮೊದಲ ವಾರದಲ್ಲಿ ಇದೇ ಪ್ರಶ್ನೆ ಕೇಳಿದ್ದರೆ ಈ ಉತ್ತರ ಸಿಗುತ್ತಿರಲಿಲ್ಲ. ಆಗ ಎಲ್ಲಕ್ಕೂ ಭಯವೇ. ನೀರು ತಳಕ್ಕೆ ಇಳಿದ ಮೇಲೆ ಕಂಡ ಹಳೆಯ ಕಲ್ಲು ಇದು. ಇದಕ್ಕೆ ಬೇರೆಯದೇ ಚಿಕಿತ್ಸೆ ಬೇಕು. ಐದನೇ ವಾರದಲ್ಲಿ ವೈದ್ಯರು ಆತಂಕಕ್ಕೆ ದಿನವೂ ತೆಗೆದುಕೊಳ್ಳುವ ಸರ್ಟ್ರಲಿನ್ ಎಂಬ ಔಷಧ ಶುರು ಮಾಡಿದರು, ನಮ್ಮ ಭೇಟಿಗಳು ಹೆದರುವ ಸಂದರ್ಭಕ್ಕೆ ಸ್ವಲ್ಪ ಸ್ವಲ್ಪವಾಗಿ ಎದುರಾಗುವ ಅಭ್ಯಾಸದ ಕಡೆಗೆ ತಿರುಗಿದವು. ಮೊದಲು ಒಬ್ಬರ ಎದುರು, ಆಮೇಲೆ ಮೂವರ ಎದುರು. ಆರನೇ ವಾರ ಮೀಟಿಂಗ್‌ನಲ್ಲಿ ಮೂರು ನಿಮಿಷ ಮಾತಾಡಿದರು. ಕೈಯಲ್ಲಿದ್ದ ಕಾಗದ ಎಲ್ಲರಿಗೂ ಕೇಳಿಸುವಷ್ಟು ಪಟಪಟ ಅನ್ನುತ್ತಿತ್ತಂತೆ. ಈ ಭಯ ಹೋಗಿದೆ ಅಂತ ಹೇಳಲಾರೆ, ಇನ್ನೂ ಕೆಲಸ ನಡೆಯುತ್ತಿದೆ.

ಈಗ ನಾನು ಮೊದಲ ಭೇಟಿಯಲ್ಲೇ ಮಾತ್ರೆಗಳನ್ನೇ ತರಲು ಹೇಳಿ, ಮೇಜಿನ ಮೇಲೆ ಇಡಿಸಿ, ಒಟ್ಟಿಗೆ ಎಣಿಸುತ್ತೇನೆ. ಕೆಲವರಿಗೆ ಬೇಜಾರಾಗುತ್ತದೆ, ಆಗಲಿ. ಉಸಿರಾಟ ಹೇಳಿಕೊಡುವ ಮೊದಲು ಕಣ್ಣು ಮುಚ್ಚಿದರೆ ಹೇಗನ್ನಿಸುತ್ತದೆ ಅಂತ ಕೇಳುತ್ತೇನೆ. ಅಲಾರಂ ವಿಷಯವಂತೂ ಜನ್ಮದಲ್ಲಿ ಮರೆಯುವುದಿಲ್ಲ.

ಐದನೇ ತಿಂಗಳಲ್ಲಿ ಅಕ್ಕ ಸಿಕ್ಕಿದ್ದರು. ಮೆಸೇಜ್ ಈಗ ಅಪರೂಪ, ವಾರಕ್ಕೆ ಒಂದು ಬಂದರೆ ಹೆಚ್ಚು. ಹಿಂದಿನ ವಾರ ಒಂದು ಸಂಜೆ 'ಬಂತು' ಬಂದಿದೆ, ಗಂಟೆ ಎರಡಾದರೂ 'ಹೋಯ್ತು' ಇಲ್ಲ. ಇವರಿಗೆ 17ನೇ ದಿನ ನೆನಪಾಗಿ ಎದೆ ಧಸಕ್ಕೆಂದಿದೆ. ಫೋನ್ ಮಾಡಿದರೆ ಮೊದಲ ರಿಂಗಿಗೇ ಎತ್ತಿದ್ದಾರೆ.

"ಏನೋ, ಹೋಯ್ತಾ ಇಲ್ವಾ?"

"ಯಾವುದು? ಓ, ಅದಾ! ಅಯ್ಯೋ ಅಕ್ಕಾ, ಆಗಲೇ ಹೋಯ್ತು. ಹೇಳೋದು ಮರೆತೇಬಿಟ್ಟೆ."

"ಹೀಗೆ ಮರೆತ್ರೆ ನನ್ನ ಪ್ರಾಣ ಹೋಗುತ್ತೆ ಕಣೋ" ಅಂತ ಬೈದರಂತೆ.